ಸೋಮವಾರದ ತಲೆನೋವು: ಮೈಗ್ರೇನಿನ ಪ್ರಚೋದಕಗಳನ್ನು ವಹಿ ಬರೆದು ಹುಡುಕುವ ಕ್ರಮ

ವಿಜಯಪುರದಲ್ಲಿ ಹುಟ್ಟಿ ಬೆಳೆದವರಿಗೆ ತಲೆನೋವಿನ ಕಾರಣವನ್ನು ದೂರ ಹುಡುಕುವ ಅಗತ್ಯ ಕಾಣುವುದಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ಊರಿನಲ್ಲಿ ಯಾರ ತಲೆ ಸಿಡಿದರೂ ‘ಬಿಸಲ ಹತ್ತೇತಿ’ ಎಂಬ ಒಂದೇ ಮಾತಿನಲ್ಲಿ ವಿಚಾರಣೆ ಮುಗಿಯುತ್ತದೆ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ನಾನೂ ಸುಮಾರು ಹದಿನೈದು ವರ್ಷ ಹಾಗೆಯೇ ನಂಬಿದ್ದೆ. ಬೆಳಗಿನ ಪ್ರಾರ್ಥನೆಗೆ ಮೈದಾನದಲ್ಲಿ ನಿಂತಾಗ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಅದರಿಂದಾಗಿಯೇ ಮಧ್ಯಾಹ್ನದ ಹೊತ್ತಿಗೆ ಬಲಗಡೆಯ ಕಣತಲೆಯಲ್ಲಿ ಮಿಡಿತ ಶುರುವಾಗುತ್ತದೆ ಎಂದು ನಾನು ತೀರ್ಮಾನಿಸಿದ್ದೆ. ಆ ತೀರ್ಮಾನದಲ್ಲಿದ್ದ ದೋಷ ಮಕ್ಕಳಿಗೂ ಕಾಣುವಂಥದು: ಪ್ರಾರ್ಥನೆ ವಾರದ ಆರೂ ದಿನ ನಡೆಯುತ್ತಿತ್ತು, ಬಿಸಿಲೂ ಆರು ದಿನ ಇರುತ್ತಿತ್ತು, ತಲೆನೋವು ಮಾತ್ರ ಹೆಚ್ಚಾಗಿ ಸೋಮವಾರವೇ ಬರುತ್ತಿತ್ತು. ಮೂರು ತಿಂಗಳು ದಿನಚರಿ ಬರೆಯಲು ವೈದ್ಯರು ಹೇಳುವವರೆಗೆ ಅದು ನನ್ನ ಗಮನಕ್ಕೇ ಬಂದಿರಲಿಲ್ಲ.

ಆ ದಿನಚರಿ ಬರೆಯುವ ಕ್ರಮವನ್ನೂ ಅದನ್ನು ಓದುವ ಕ್ರಮವನ್ನೂ ಇಲ್ಲಿ ವಿವರಿಸಿದ್ದೇನೆ. ರೋಗವನ್ನು ನಿರ್ಧರಿಸುವ ಮತ್ತು ಔಷಧ ಕೊಡುವ ಕೆಲಸ ವೈದ್ಯರದು. ಆದರೆ ನಮ್ಮ ತಲೆಯನ್ನು ಯಾವ ಯಾವ ಸಂಗತಿಗಳು ಕೂಡಿ ಕೆರಳಿಸುತ್ತವೆ ಎಂಬುದನ್ನು ಹುಡುಕುವ ಕೆಲಸವನ್ನು ನಮ್ಮ ಬದಲು ಬೇರೆ ಯಾರೂ ಮಾಡಲಾರರು.

ಮೊದಲು ಇದು ಮೈಗ್ರೇನ್ ಹೌದೋ ಅಲ್ಲವೋ

ಮೈಗ್ರೇನನ್ನು ತೋರಿಸಿಕೊಡುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ರೋಗಿ ಹೇಳುವ ವಿವರವೇ ಇಲ್ಲಿ ಮುಖ್ಯ ಸಾಕ್ಷ್ಯ. ಅಂತರರಾಷ್ಟ್ರೀಯ ತಲೆನೋವು ಸಂಘದ ವರ್ಗೀಕರಣದಂತೆ, ಔಷಧ ಫಲಿಸದಿದ್ದರೆ 4ರಿಂದ 72 ಗಂಟೆಗಳವರೆಗೆ ಉಳಿಯುವ ನೋವು ಕನಿಷ್ಠ 5 ಸಲ ಬಂದಿರಬೇಕು. ತಲೆಯ ಒಂದೇ ಪಕ್ಕದಲ್ಲಿ ನೋಯುವುದು, ನಾಡಿಯಂತೆ ಮಿಡಿಯುವುದು, ಕೆಲಸ ಕೆಡಿಸುವಷ್ಟು ತೀವ್ರವಾಗಿರುವುದು, ನಡೆದಾಡಿದರೆ ಅಥವಾ ಮೆಟ್ಟಿಲು ಹತ್ತಿದರೆ ಹೆಚ್ಚಾಗುವುದು, ಈ ನಾಲ್ಕರಲ್ಲಿ ಎರಡಾದರೂ ಲಕ್ಷಣಗಳಿರಬೇಕು. ಇವುಗಳ ಜೊತೆಗೆ ಓಕರಿಕೆ ಅಥವಾ ವಾಂತಿ ಇರಬೇಕು, ಇಲ್ಲವೇ ಬೆಳಕು ಮತ್ತು ಸದ್ದು ಎರಡೂ ಸಹಿಸಲಾಗದಂತಿರಬೇಕು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ತಲೆಯ ಮೇಲೇ ಬಡಿದಂತಾದರೆ, ಮೆಣಸಿನಕಾಯಿ ಒಗ್ಗರಣೆಯ ಘಾಟಿಗೆ ಹೊಟ್ಟೆ ತೊಳಸಿದರೆ, ಕತ್ತಲೆಯ ಕೋಣೆಯಲ್ಲಿ ಅಲುಗಾಡದೆ ಮಲಗಿದರೆ ಸಾಕೆನಿಸಿದರೆ, ಅದು ಸಾಮಾನ್ಯ ತಲೆನೋವು ಆಗಿರುವ ಸಂಭವ ಕಡಿಮೆ. ಅರೆತಲೆನೋವು ಎಂಬ ಹೆಸರಿದ್ದರೂ ಅನೇಕರಿಗೆ ತಲೆಯ ಎರಡೂ ಪಕ್ಕ ನೋಯುವುದುಂಟು. ಮಕ್ಕಳಲ್ಲಿ ಅದೇ ಹೆಚ್ಚು.

ಈ ಭಾಗದಲ್ಲಿ ಮೈಗ್ರೇನಿಗೆ ಬೇರೆ ಹೆಸರುಗಳೂ ಅಂಟಿಕೊಂಡಿವೆ. ವಾಂತಿಯಾದ ಮೇಲೆ ನೋವು ಇಳಿಯುವುದರಿಂದ ಅದನ್ನು ಪಿತ್ತದ ತಲೆನೋವು ಎನ್ನುತ್ತಾರೆ; ಹುಬ್ಬಿನ ಮೇಲೆ, ಕೆನ್ನೆಯ ಮೂಳೆಯ ಸುತ್ತ ನೋಯುವುದರಿಂದ ಸೈನಸ್ ಎನ್ನುತ್ತಾರೆ; ಕಣ್ಣಿನ ಹಿಂದೆ ನೋಯುವುದರಿಂದ ವರ್ಷಕ್ಕೊಮ್ಮೆ ಕನ್ನಡಕದ ನಂಬರು ಬದಲಿಸುತ್ತಾರೆ. ಗಟ್ಟಿಯಾದ ಹಳದಿ ಸಿಂಬಳ ಮತ್ತು ಜ್ವರ ಇಲ್ಲದೆ, ಬಂದು ಬಂದು ಹೋಗುವ ‘ಸೈನಸ್ ತಲೆನೋವು’ ಪರೀಕ್ಷಿಸಿ ನೋಡಿದಾಗ ಬಹುಪಾಲು ಮೈಗ್ರೇನೇ ಆಗಿರುತ್ತದೆ. ವಾಂತಿಯೂ ಹಾಗೆಯೇ, ಅದು ಈ ರೋಗದ ಒಂದು ಲಕ್ಷಣವೇ ಹೊರತು ಕಾರಣವಲ್ಲ. ನೋವಿನ ಹೊತ್ತಿನಲ್ಲಿ ಜಠರದ ಚಲನೆ ನಿಧಾನವಾಗುತ್ತದೆ, ಆದ್ದರಿಂದಲೇ ತಡವಾಗಿ ನುಂಗಿದ ಗುಳಿಗೆ ಹೊಟ್ಟೆಯಲ್ಲೇ ಉಳಿದು ಕೆಲಸ ಮಾಡುವುದಿಲ್ಲ.

ವಹಿ ಬರೆಯುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಸಿಡಿಲೆರಗಿದಂತೆ ಒಂದು ನಿಮಿಷದೊಳಗೆ ತುತ್ತತುದಿಗೆ ಏರುವ ನೋವು, ಜ್ವರದೊಂದಿಗೆ ಕುತ್ತಿಗೆ ಬಿಗಿಯುವುದು, ಕೈಕಾಲು ಸೋಲುವುದು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಫಿಟ್ಸ್ ಬರುವುದು, ತಲೆಗೆ ಪೆಟ್ಟುಬಿದ್ದ ನಂತರದ ನೋವು, ಗರ್ಭಿಣಿಯರಲ್ಲಿ ಅಥವಾ ಬಾಣಂತಿಯರಲ್ಲಿ ಹೊಸದಾಗಿ ಕಾಣಿಸಿಕೊಂಡ ತೀವ್ರ ನೋವು, ಇವು ಯಾವುವೂ ಮರುದಿನದವರೆಗೆ ಕಾಯುವಂಥವಲ್ಲ. 50 ವರ್ಷ ದಾಟಿದ ಮೇಲೆ ಮೊದಲ ಸಲ ಬಂದ ತಲೆನೋವನ್ನೂ, ಕೆಮ್ಮಿದಾಗ ಬಗ್ಗಿದಾಗ ಹೆಚ್ಚುತ್ತ ದಿನದಿಂದ ದಿನಕ್ಕೆ ಬಲಿಯುವ ತಲೆನೋವನ್ನೂ ಮೈಗ್ರೇನೆಂದು ತಾವೇ ಹೆಸರಿಟ್ಟುಕೊಂಡು ಸುಮ್ಮನಿರಬಾರದು.

ತಲೆಯೊಳಗೆ ನಡೆಯುವುದು ಮತ್ತು ಕೊಡ ತುಂಬುವ ಲೆಕ್ಕ

ತಲೆಯ ರಕ್ತನಾಳಗಳು ಹಿಗ್ಗುವುದರಿಂದಲೇ ಮೈಗ್ರೇನ್ ಬರುತ್ತದೆ ಎಂಬ ವಿವರಣೆ ಬಹುಕಾಲ ಚಾಲ್ತಿಯಲ್ಲಿತ್ತು. ಈಗಿನ ತಿಳಿವಳಿಕೆಯಂತೆ ಇದು ಮೂಲತಃ ಮೆದುಳು ಮತ್ತು ನರಗಳ ರೋಗ. ಮುಖ ಹಾಗೂ ಮೆದುಳಿನ ಹೊದಿಕೆಯ ಸಂವೇದನೆಯನ್ನು ಹೊರುವ ಟ್ರೈಜೆಮಿನಲ್ ನರ ಕೆರಳಿ, ಅದರ ತುದಿಗಳಿಂದ ಸಿಜಿಆರ್‌ಪಿ ಎಂಬ ರಾಸಾಯನಿಕ ಹೊರಬಿದ್ದು, ಮೆದುಳಿನ ಹೊದಿಕೆಯ ನಾಳಗಳ ಸುತ್ತ ನೋವಿನ ಸಂದೇಶಗಳು ಎಡೆಬಿಡದೆ ಹುಟ್ಟುತ್ತವೆ. ನಾಲ್ಕೈದು ರೋಗಿಗಳಲ್ಲಿ ಒಬ್ಬರಿಗೆ ನೋವಿಗಿಂತ ಮೊದಲು ಕಣ್ಣ ಮುಂದೆ ಅಂಕುಡೊಂಕಾಗಿ ಮಿನುಗುವ ಗೆರೆಗಳು ಅಥವಾ ಕುರುಡು ಚುಕ್ಕೆ ಕಾಣಿಸಿಕೊಂಡು, 5ರಿಂದ 60 ನಿಮಿಷಗಳಲ್ಲಿ ಮಾಯವಾಗುತ್ತದೆ. ಇದಕ್ಕೆ ಔರಾ ಎನ್ನುತ್ತಾರೆ. ಮೆದುಳಿನ ಹೊರಪದರದ ಮೇಲೆ ನಿಮಿಷಕ್ಕೆ ಕೆಲವೇ ಮಿಲಿಮೀಟರು ವೇಗದಲ್ಲಿ ಹರಡುವ ವಿದ್ಯುತ್ ಬದಲಾವಣೆಯೊಂದು ಇದರ ಮೂಲ. ಆ ಬದಲಾವಣೆಯನ್ನು ಬ್ರೆಜಿಲಿನ ವಿಜ್ಞಾನಿ ಅರಿಸ್ಟಿಡಿಸ್ ಲಿಯಾವ್ 1944ರಲ್ಲಿ ವಿವರಿಸಿದರು.

ಈ ಪ್ರವೃತ್ತಿ ಬಹುಮಟ್ಟಿಗೆ ಹುಟ್ಟಿನಿಂದ ಬರುವಂಥದು. ತಾಯಿಗೋ ತಂದೆಗೋ ಇದ್ದರೆ ಮಕ್ಕಳಿಗೂ ಬರುವ ಸಂಭವ ಹೆಚ್ಚು, ಪುರುಷರಿಗಿಂತ ಮಹಿಳೆಯರಲ್ಲಿ ಎರಡು–ಮೂರು ಪಟ್ಟು ಹೆಚ್ಚು. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸ್‌ನ ತಜ್ಞರು ನಡೆಸಿದ ಸಮೀಕ್ಷೆಯಲ್ಲಿ, ಸುಮಾರು ನಾಲ್ವರು ವಯಸ್ಕರಲ್ಲಿ ಒಬ್ಬರಿಗೆ ವರ್ಷದೊಳಗೆ ಮೈಗ್ರೇನ್ ಬಂದಿದ್ದುದು ಕಂಡುಬಂತು. ಇಷ್ಟು ಸಾಮಾನ್ಯವಾದ ಈ ರೋಗವನ್ನು ಮನೆಗಳಲ್ಲಿ ಇಂದಿಗೂ ಸೋಮಾರಿತನವೆಂದು ಕಾಣುತ್ತಾರಲ್ಲ, ಆ ಸಂಕಟ ನನಗೆ ನೋವಿಗಿಂತ ಹೆಚ್ಚಾಗಿ ಕಾಡಿದೆ.

ಪ್ರಚೋದಕಗಳ ವಿಚಾರದಲ್ಲಿ ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಅವು ರೋಗದ ಕಾರಣಗಳಲ್ಲ. ಮೈಗ್ರೇನಿನ ಮೆದುಳಿಗೆ ಬದಲಾವಣೆ ಒಗ್ಗುವುದಿಲ್ಲ. ನಿದ್ರೆ, ಊಟ, ನೀರು, ಹಾರ್ಮೋನು, ಬೆಳಕು, ಮನಸ್ಸಿನ ಒತ್ತಡ ಇವುಗಳಲ್ಲಿ ಯಾವುದು ಏರುಪೇರಾದರೂ ಅದು ಸಹಿಸುವ ಮಿತಿಯ ಕಡೆಗೆ ಒಂದು ಹೆಜ್ಜೆ ಸರಿಯುತ್ತದೆ. ನಮ್ಮ ಮನೆಗಳ ನೀರಿನ ಕೊಡವನ್ನು ನೆನೆಯಿರಿ: ಮುಕ್ಕಾಲು ತುಂಬಿದ ಕೊಡಕ್ಕೆ ಒಂದು ತಂಬಿಗೆ ನೀರು ಸುರಿದರೆ ತುಳುಕುತ್ತದೆ, ಅದೇ ತಂಬಿಗೆಯನ್ನು ಬರಿದಾದ ಕೊಡಕ್ಕೆ ಸುರಿದರೆ ತಳವಷ್ಟೇ ಒದ್ದೆಯಾಗುತ್ತದೆ. ಒಂದೇ ಬಿಸಿಲು ಮಂಗಳವಾರ ಏನೂ ಮಾಡದೆ ಸೋಮವಾರ ಕೆಡವುವುದು ಹೀಗೆ. ಕೊನೆಗೆ ಸುರಿದ ತಂಬಿಗೆ ಕಣ್ಣಿಗೆ ಬೀಳುವುದರಿಂದ ಎಲ್ಲ ತಪ್ಪನ್ನೂ ಅದರ ಮೇಲೆ ಹೊರಿಸುತ್ತೇವೆ, ಅದಕ್ಕೂ ಮೊದಲು ಕೊಡ ತುಂಬಿಸಿದವುಗಳನ್ನು ನೋಡುವುದಿಲ್ಲ.

ಎರಡನೆಯ ಸಂಗತಿ ಇದಕ್ಕಿಂತ ಸೂಕ್ಷ್ಮವಾದುದು. ನೋವು ಶುರುವಾಗುವ ಕೆಲವು ಗಂಟೆಗಳಿಂದ ಹಿಡಿದು ಎರಡು ದಿನ ಮೊದಲೇ ರೋಗ ಮೆದುಳಿನಲ್ಲಿ ಕೆಲಸ ಆರಂಭಿಸಿರುತ್ತದೆ. ಪದೇ ಪದೇ ಆಕಳಿಕೆ, ಕುತ್ತಿಗೆಯ ಬಿಗಿತ, ಕಾರಣವಿಲ್ಲದ ಸಿಡುಕು, ಹೆಚ್ಚು ಮೂತ್ರ, ಸಿಹಿಯ ಮೇಲೆ ವಿಪರೀತ ಆಸೆ, ಬೆಳಕು ಕುಕ್ಕುವುದು, ಇವು ಆ ಮುನ್ಸೂಚನೆಯ ಹಂತದ ಗುರುತುಗಳು. ಅಮೀನಗಡದ ಕರದಂಟು ತಿಂದ ಮರುದಿನ ನನಗೆ ನೋವು ಬರುತ್ತದೆಂದು ಎಷ್ಟೋ ವರ್ಷ ಅದನ್ನು ಮನೆಗೆ ತರಿಸುತ್ತಿರಲಿಲ್ಲ. ವಹಿ ನೋಡಿದಾಗ ತಿಳಿದದ್ದೇ ಬೇರೆ. ಹಬ್ಬದಲ್ಲಿ ಎಲ್ಲರೊಡನೆ ಕೂತು ತಿಂದಾಗ ಏನೂ ಆಗಿರಲಿಲ್ಲ. ರಾತ್ರಿ ಹತ್ತು ಗಂಟೆಗೆ ಡಬ್ಬಿ ಹುಡುಕಿ ತಿಂದ ದಿನಗಳಲ್ಲಿ ಮಾತ್ರ ಮರುದಿನ ನೋವು ಬಂದಿತ್ತು. ಆ ರಾತ್ರಿಯ ಆಸೆಯೇ ಮುನ್ಸೂಚನೆಯಾಗಿತ್ತು. ಚಾಕೊಲೇಟಿನ ಮೇಲೆ ಹೊರಿಸುವ ಆರೋಪದಲ್ಲೂ ಬಹುಭಾಗ ಹೀಗೆಯೇ ಇರಬಹುದೆಂದು ತಜ್ಞರು ಹೇಳುತ್ತಾರೆ.

ವಹಿಯಲ್ಲಿ ಬರೆಯಬೇಕಾದದ್ದು

ಒಂದು ನೂರು ಪುಟದ ವಹಿ ಸಾಕು. ಮೊಬೈಲಿನಲ್ಲಿ ಬರೆಯುವ ಸೌಲಭ್ಯಗಳಿವೆ, ಆದರೆ ನೋವಿನ ದಿನ ಮೊಬೈಲಿನ ಬೆಳಕೇ ಶತ್ರುವಾಗುವುದರಿಂದ ನಾನು ಕಾಗದವನ್ನೇ ಮೆಚ್ಚುತ್ತೇನೆ. ದಿನಕ್ಕೊಂದು ಸಾಲು ಬರೆಯಿರಿ. ಹಿಂದಿನ ರಾತ್ರಿ ಮಲಗಿದ ಹೊತ್ತು ಮತ್ತು ಎದ್ದ ಹೊತ್ತು, ಮೂರು ಊಟಗಳ ಸಮಯ, ಚಹಾ ಎಷ್ಟು ಕಪ್ಪು ಮತ್ತು ಯಾವಾಗ, ನೀರು ಕುಡಿದದ್ದು ಸಾಕಷ್ಟಿತ್ತೋ ಇಲ್ಲವೋ, ಮುಟ್ಟಿನ ಎಷ್ಟನೆಯ ದಿನ, ಪ್ರಯಾಣ, ಬಿಸಿಲು, ತಲೆಸ್ನಾನ, ಜಗಳ ಅಥವಾ ಆತಂಕ, ಇಷ್ಟನ್ನು ಚುಟುಕಾಗಿ ಬರೆಯಬೇಕು. ನೋವು ಬಂದಿದ್ದರೆ ಶುರುವಾದ ಮತ್ತು ಇಳಿದ ಗಂಟೆ, ಯಾವ ಪಕ್ಕ, ಹತ್ತಕ್ಕೆ ಎಷ್ಟು ತೀವ್ರ, ಯಾವ ಗುಳಿಗೆಯನ್ನು ಎಷ್ಟು ಗಂಟೆಗೆ ತೆಗೆದುಕೊಂಡಿರಿ, ಎರಡು ಗಂಟೆಯ ನಂತರ ಹೇಗಿತ್ತು ಎಂಬುದನ್ನು ಸೇರಿಸಿರಿ.

ಬಹಳ ಜನ ಇಲ್ಲಿ ಒಂದು ತಪ್ಪು ಮಾಡುತ್ತಾರೆ: ನೋವು ಬಂದ ದಿನ ಮಾತ್ರ ಬರೆಯುತ್ತಾರೆ. ಗಣಿತದವಳಾಗಿ ನಾನು ಇದನ್ನು ಒತ್ತಿ ಹೇಳಬೇಕು. ನೋವಿಲ್ಲದ ದಿನಗಳ ಸಾಲುಗಳಿಲ್ಲದೆ ವಹಿಗೆ ಯಾವ ಬೆಲೆಯೂ ಇಲ್ಲ. ಮೊಸರು ತಿಂದ ಮೂರು ದಿನ ನೋವು ಬಂತೆಂದು ಮೊಸರು ಬಿಟ್ಟವರು, ಅದೇ ತಿಂಗಳಲ್ಲಿ ಮೊಸರು ತಿಂದೂ ನೋವಿಲ್ಲದ ಇಪ್ಪತ್ತು ದಿನಗಳನ್ನು ಎಣಿಸಿಯೇ ಇರುವುದಿಲ್ಲ. ಒಂದು ವಸ್ತುವನ್ನು ಅನುಮಾನಿಸಬೇಕಾದರೆ, ಅದು ಇದ್ದ ದಿನಗಳಲ್ಲಿ ನೋವು ಎಷ್ಟು ಸಲ ಬಂತು, ಇಲ್ಲದ ದಿನಗಳಲ್ಲಿ ಎಷ್ಟು ಸಲ ಬಂತು ಎಂಬ ಎರಡೂ ಲೆಕ್ಕ ಬೇಕು. ಮಹಿಳೆಯರಿಗಂತೂ ಮೂರು ಋತುಚಕ್ರಗಳಾದರೂ ಪೂರ್ತಿ ದಾಖಲಾಗಬೇಕು. ಮುಟ್ಟಿಗೆ ಎರಡು ದಿನ ಮೊದಲಿನಿಂದ ಮೂರನೆಯ ದಿನದವರೆಗೆ ಈಸ್ಟ್ರೊಜೆನ್ ಇಳಿಮುಖವಾಗಿರುವ ಅವಧಿ ಅತ್ಯಂತ ಸೂಕ್ಷ್ಮವಾದುದು.

ಸೋಮವಾರವನ್ನು ಬಿಡಿಸಿ ನೋಡಿದ ಬಗೆ

ನನ್ನ ವಹಿಯ ಹದಿಮೂರು ಸೋಮವಾರಗಳಲ್ಲಿ ಎಂಟರಂದು ನೋವು ಬಂದಿತ್ತು. ಸೋಮವಾರ ಮತ್ತು ಬೇರೆ ದಿನಗಳ ಸಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಮೂರು ವ್ಯತ್ಯಾಸಗಳು ಕಂಡವು. ಸೋಮವಾರ ನನ್ನ ಒಪ್ಪತ್ತು, ಅಂದರೆ ರಾತ್ರಿ ಒಂದೇ ಊಟ. ಸೋಮವಾರ ಬೆಳಿಗ್ಗೆ ತಲೆಗೆ ಎರೆದುಕೊಂಡು, ಹಸಿಕೂದಲನ್ನು ಹಾಗೆಯೇ ಗಂಟುಹಾಕಿ ಸ್ಕೂಟರ್ ಮೇಲೆ ಶಾಲೆಗೆ ಹೋಗುತ್ತಿದ್ದೆ. ಮೂರನೆಯದು ನಿದ್ರೆ. ಶನಿವಾರ ಬೆಳಗಿನ ಶಾಲೆಯಿರುವುದರಿಂದ ಐದಕ್ಕೆ ಏಳುತ್ತಿದ್ದೆ, ಆ ಬಾಕಿಯನ್ನು ತೀರಿಸಲು ಭಾನುವಾರ ಎಂಟೂವರೆಯವರೆಗೆ ಮಲಗುತ್ತಿದ್ದೆ, ಭಾನುವಾರ ರಾತ್ರಿ ಹೊತ್ತಿಗೆ ನಿದ್ರೆ ಬಾರದೆ ಸೋಮವಾರ ಅರೆನಿದ್ರೆಯಲ್ಲಿ ಏಳುತ್ತಿದ್ದೆ.

ಮೂರನ್ನೂ ಒಟ್ಟಿಗೆ ಬದಲಿಸಿಬಿಡುವ ಆಸೆ ಯಾರಿಗಾದರೂ ಆಗುತ್ತದೆ. ಹಾಗೆ ಮಾಡಿದರೆ ನೋವು ಕಡಿಮೆಯಾಗಬಹುದು, ಆದರೆ ಯಾವುದರಿಂದ ಕಡಿಮೆಯಾಯಿತೆಂದು ತಿಳಿಯದೆ ಬೇಡದ ಕಟ್ಟುಪಾಡುಗಳನ್ನು ಆಯುಷ್ಯವಿಡೀ ಹೊರಬೇಕಾಗುತ್ತದೆ. ಆದ್ದರಿಂದ ಒಂದು ಸಲಕ್ಕೆ ಒಂದೇ ಸಂಗತಿಯನ್ನು, ಕನಿಷ್ಠ ನಾಲ್ಕು ವಾರ, ಬದಲಿಸಿ ನೋಡಬೇಕು. ನಾನು ಮೊದಲು ತಲೆಸ್ನಾನವನ್ನು ಭಾನುವಾರ ಮಧ್ಯಾಹ್ನಕ್ಕೆ ಸರಿಸಿ, ಕೂದಲು ಪೂರ್ತಿ ಒಣಗಲು ಬಿಟ್ಟೆ. ತಲೆಸ್ನಾನವನ್ನು ಹಗುರವಾಗಿ ನೋಡುವಂತಿಲ್ಲ. ಅದರಿಂದ ಮೈಗ್ರೇನ್ ಕೆರಳುತ್ತಿದ್ದ 94 ಭಾರತೀಯ ರೋಗಿಗಳ ಕುರಿತು ಮುಂಬೈಯ ತಲೆನೋವು ತಜ್ಞ ಡಾ. ಕೆ. ರವಿಶಂಕರ್ 2006ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದಿದ್ದಾರೆ, ಪಾಶ್ಚಾತ್ಯರ ಪಟ್ಟಿಗಳಲ್ಲಿ ಇದು ಇರುವುದೇ ಅಪರೂಪ. ಆದರೂ ನನ್ನ ವಿಷಯದಲ್ಲಿ ನಾಲ್ಕು ವಾರಗಳಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ.

ಅನಂತರ ಒಪ್ಪತ್ತಿಗೆ ಬಂದೆ. ವ್ರತ ಬಿಡುವ ಮನಸ್ಸು ನನಗೆ ಇರಲಿಲ್ಲ, ಬಿಡಬೇಕಾಗಿಯೂ ಬರಲಿಲ್ಲ. ಬೆಳಿಗ್ಗೆ ಎಂಟರೊಳಗೆ ಒಂದು ತಟ್ಟೆ ಸಾಬೂದಾಣಿ ಖಿಚಡಿ, ಅದರಲ್ಲಿ ಹುರಿದ ಶೇಂಗಾ ಹೆಚ್ಚಾಗಿ, ಮಧ್ಯಾಹ್ನ ಬಾಳೆಹಣ್ಣು ಮತ್ತು ಹಾಲು, ನಡುವೆ ಎರಡು ಸಲ ನಿಂಬೆಹಣ್ಣಿನ ಪಾನಕ, ಹೀಗೆ ಫರಾಳದಲ್ಲೇ ಹೊಟ್ಟೆ ಬರಿದಾಗದಂತೆ ನೋಡಿಕೊಂಡೆ. ಮುಂದಿನ ನಾಲ್ಕು ಸೋಮವಾರಗಳಲ್ಲಿ ಒಂದರಂದು ಮಾತ್ರ ನೋವು ಬಂತು. ಊಟ ತಪ್ಪುವುದು ಮೈಗ್ರೇನ್ ರೋಗಿಗಳು ಎಲ್ಲೆಡೆಯೂ ಹೇಳುವ ಪ್ರಮುಖ ಪ್ರಚೋದಕ, ಅದನ್ನು ನಾನು ಭಕ್ತಿಯಿಂದ ವಾರವಾರ ಮಾಡುತ್ತಿದ್ದೆ. ರೋಜಾ ಹಿಡಿಯುವ ನನ್ನ ಸಹೋದ್ಯೋಗಿ ಇದೇ ಕ್ರಮವನ್ನು ರಂಜಾನಿಗೆ ಹೊಂದಿಸಿಕೊಂಡರು. ಸಹರಿಯ, ಅಂದರೆ ನಸುಕಿನ, ಊಟವನ್ನು ಎಂದೂ ತಪ್ಪಿಸದೆ, ಆಗ ಹೆಚ್ಚು ನೀರು ಕುಡಿದು, ರಂಜಾನ್ ಆರಂಭವಾಗುವ ಎರಡು ವಾರ ಮೊದಲೇ ಹಗಲಿನ ಚಹಾವನ್ನು ಒಂದೊಂದೇ ಕಪ್ಪು ಇಳಿಸುತ್ತ ಬಂದರು. ದಿನವೂ ಐದಾರು ಕಪ್ಪು ಕುಡಿಯುವವರು ಚಹಾವನ್ನು ಒಮ್ಮೆಲೇ ನಿಲ್ಲಿಸಿದರೆ, ಕೆಫೀನು ಸಿಗದೆ ಒಂದೆರಡು ದಿನಗಳಲ್ಲೇ ತಲೆನೋವು ಖಚಿತವೆನ್ನುವಷ್ಟು ಸಾಮಾನ್ಯ.

ಕೊನೆಗೆ ನಿದ್ರೆಯನ್ನು ಹಿಡಿದೆ. ಶನಿವಾರವಾಗಲಿ ಭಾನುವಾರವಾಗಲಿ ಏಳುವ ಹೊತ್ತಿನಲ್ಲಿ ಒಂದು ಗಂಟೆಗಿಂತ ಹೆಚ್ಚು ಅಂತರ ಬಾರದಂತೆ ಮಾಡಿಕೊಂಡ ಮೇಲೆ ಸೋಮವಾರವೂ ಉಳಿದ ದಿನಗಳಂತಾಯಿತು. ಪ್ರಾರ್ಥನೆಯ ಬಿಸಿಲು ಮಾತ್ರ ಮೊದಲಿನಂತೆಯೇ ಇತ್ತು. ಬಿಸಿಲು ನಿರಪರಾಧಿ ಎನ್ನಲಾರೆ, ಮುಟ್ಟಿನ ವಾರದಲ್ಲಿ ಅದೊಂದೇ ಸಾಕಾಗುತ್ತದೆ. ಆ ದಿನಗಳಲ್ಲಿ ಮೈದಾನದ ಬೇವಿನ ಮರದ ನೆರಳಲ್ಲಿ ನಿಲ್ಲುತ್ತೇನೆ, ತಲೆಯ ಮೇಲೆ ಸೆರಗು ಹಾಕಿಕೊಳ್ಳುತ್ತೇನೆ, ಹೊರಗೆ ತಂಪು ಕನ್ನಡಕ ಧರಿಸುತ್ತೇನೆ. ಮನೆಯೊಳಗೂ ದಿನವಿಡೀ ತಂಪು ಕನ್ನಡಕ ಹಾಕಿಕೊಂಡಿರುವುದು ಒಳ್ಳೆಯದಲ್ಲ, ಅದರಿಂದ ಕಣ್ಣು ಬೆಳಕಿಗೆ ಇನ್ನಷ್ಟು ಅಳುಕುತ್ತದೆ.

ನಿಮ್ಮ ಸೋಮವಾರ ಬೇರೆ ಇರಬಹುದು. ಕಬ್ಬು ಕಡಿಯುವ ಹಂಗಾಮಿನಲ್ಲಿ ಕಾರ್ಖಾನೆಯ ಮುಂದೆ ಟ್ರ್ಯಾಕ್ಟರಿನಲ್ಲೇ ರಾತ್ರಿ ಕಳೆಯುವವರಿಗೆ, ತ್ರೀಫೇಸ್ ಕರೆಂಟು ರಾತ್ರಿಪಾಳಿಗೆ ಬಂದ ವಾರ ಹೊಲಕ್ಕೆ ನೀರು ಹಾಯಿಸುವ ರೈತರಿಗೆ ನಿದ್ರೆಯ ಹೊತ್ತು ತಲೆಕೆಳಗಾಗುತ್ತದೆ. ಅಂಥವರು ಬೇರೆ ಎಲ್ಲ ಸಂಗತಿಗಳನ್ನು, ಮುಖ್ಯವಾಗಿ ಊಟ ಮತ್ತು ನೀರನ್ನು, ಆ ವಾರ ಎಂದಿಗಿಂತ ಬಿಗಿಯಾಗಿ ಹಿಡಿದುಕೊಳ್ಳಬೇಕು. ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗಗಳ ನಡುವೆ ದುಡಿಯುವವರಿಗೆ ಸದ್ದೇ ಕೊಡವನ್ನು ಅರ್ಧ ತುಂಬಿಸಿರುತ್ತದೆ. ಕಿವಿಗೆ ಸದ್ದು ತಡೆಯುವ ಬಿರಡೆ ಹಾಕಿಕೊಳ್ಳುವುದು, ಗಂಟೆಗೊಮ್ಮೆ ಐದು ನಿಮಿಷ ಹೊರಗೆ ಬರುವುದು ಅಷ್ಟರಮಟ್ಟಿಗೆ ಅದನ್ನು ಇಳಿಸುತ್ತದೆ. ಬೆಳಗಾವಿಯ ಸಂಬಂಧಿಕರು ಮಳೆಗಾಲದ ಮೋಡ ಕವಿದ ದಿನಗಳನ್ನು ದೂರುತ್ತಾರೆ, ಹವೆಯನ್ನು ಬದಲಿಸಲಾಗದು, ಆದರೆ ಅಂಥ ದಿನ ಜಾಗರಣೆ ಮತ್ತು ಉಪವಾಸವನ್ನು ಅದರ ಮೇಲೆ ಪೇರಿಸದಿರಬಹುದು. ಪರೀಕ್ಷೆ, ಮದುವೆಯಂಥ ಒತ್ತಡಗಳು ಮುಗಿದ ಮರುದಿನ, ಅಂದರೆ ಮನಸ್ಸು ಸಡಿಲವಾದ ಹೊತ್ತಿನಲ್ಲಿ ನೋವು ಬರುವುದೂ ಸಾಮಾನ್ಯ. ಉಳಿದಂತೆ ಮದ್ಯ, ಊದಿನಕಡ್ಡಿ ಮತ್ತು ಅತ್ತರಿನ ವಾಸನೆ, ಬಸ್ಸಿನ ಡೀಸೆಲ್ ಹೊಗೆ, ಮಿನುಗುವ ಟ್ಯೂಬ್‌ಲೈಟ್ ಇವು ಅನೇಕರ ಪಟ್ಟಿಯಲ್ಲಿ ಇರುತ್ತವೆ. ತಿನಿಸುಗಳ ಉದ್ದುದ್ದ ಪಟ್ಟಿಗಳನ್ನು ಮಾತ್ರ ನಾನು ನಂಬುವುದಿಲ್ಲ. ನಿಮ್ಮ ವಹಿಯ ಲೆಕ್ಕದಲ್ಲಿ ಕಾಣದ ಪದಾರ್ಥವನ್ನು ಭಯದಿಂದ ಬಿಡಬೇಡಿರಿ.

ನೋವು ಶುರುವಾದ ದಿನ

ಔಷಧ ತೆಗೆದುಕೊಳ್ಳುವುದೇ ಆದರೆ ನೋವು ಇನ್ನೂ ಮಂದವಾಗಿರುವಾಗ, ವೈದ್ಯರು ಹೇಳಿದ ಪೂರ್ತಿ ಪ್ರಮಾಣದಲ್ಲಿ ತೆಗೆದುಕೊಳ್ಳಬೇಕು. ತಡೆದು ನೋಡೋಣವೆಂದು ಮಧ್ಯಾಹ್ನದವರೆಗೆ ಹಲ್ಲುಕಚ್ಚಿ ಕೂತು ಅರ್ಧ ಗುಳಿಗೆ ನುಂಗುವುದು ನಮ್ಮ ಮನೆಗಳ ಹೆಂಗಸರ ಅಭ್ಯಾಸ, ಅದರಿಂದ ನೋವೂ ಉಳಿಯುತ್ತದೆ, ಗುಳಿಗೆಯೂ ವ್ಯರ್ಥವಾಗುತ್ತದೆ. ವಯಸ್ಕರಿಗೆ ಸಾಮಾನ್ಯವಾಗಿ ಮೊದಲು ಸೂಚಿಸುವುದು 1000 ಮಿಲಿಗ್ರಾಂ ಪ್ಯಾರಾಸಿಟಮಾಲ್ ಅಥವಾ 400 ಮಿಲಿಗ್ರಾಂ ಐಬುಪ್ರೊಫೆನ್. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಅಸ್ತಮಾ ಇರುವವರು ಮತ್ತು ಗರ್ಭಿಣಿಯರು ಐಬುಪ್ರೊಫೆನ್ ಜಾತಿಯ ಔಷಧಗಳನ್ನು ಕೇಳದೆ ಮುಟ್ಟಬಾರದು. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ವಾಂತಿ ಹೆಚ್ಚಿರುವವರಿಗೆ ವೈದ್ಯರು ಓಕರಿಕೆ ತಡೆಯುವ ಗುಳಿಗೆಯನ್ನೂ ಜೊತೆಗೆ ಬರೆಯುತ್ತಾರೆ, ಅದರಿಂದ ಜಠರ ಚಲಿಸಿ ನೋವಿನ ಔಷಧವನ್ನೂ ದೇಹ ಬೇಗ ಹೀರಿಕೊಳ್ಳುತ್ತದೆ. ಇವುಗಳಿಗೆ ಜಗ್ಗದ ನೋವಿಗೆ ಸುಮಾಟ್ರಿಪ್ಟಾನ್, ರಿಜಾಟ್ರಿಪ್ಟಾನ್ ಮುಂತಾದ ಟ್ರಿಪ್ಟಾನ್ ಔಷಧಗಳಿವೆ. ಹೃದ್ರೋಗ, ಪಾರ್ಶ್ವವಾಯು ಅಥವಾ ಹತೋಟಿಗೆ ಬಾರದ ರಕ್ತದೊತ್ತಡ ಇರುವವರಿಗೆ ಅವು ಸಲ್ಲವು. ಮೆಡಿಕಲ್ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಎರ್ಗೊಟಮಿನ್ ಬೆರೆತ ಗುಳಿಗೆಗಳನ್ನು ನೆರೆಮನೆಯವರ ಮಾತು ಕೇಳಿ ಕೊಳ್ಳಬೇಡಿರಿ. ಅವು ಗರ್ಭಿಣಿಯರಿಗೆ ಅಪಾಯಕಾರಿ, ಟ್ರಿಪ್ಟಾನ್ ತೆಗೆದುಕೊಂಡ 24 ಗಂಟೆಯೊಳಗೆ ಅವನ್ನು ತೆಗೆದುಕೊಳ್ಳುವುದು ಯಾರಿಗೂ ಸುರಕ್ಷಿತವಲ್ಲ.

ಕೋಣೆಯನ್ನು ಕತ್ತಲು ಮಾಡಿ, ತಣ್ಣೀರಿನ ಬಟ್ಟೆಯನ್ನು ಹಣೆ ಅಥವಾ ಹಿಂಗತ್ತಿನ ಮೇಲಿಟ್ಟು, ಗುಟುಕು ಗುಟುಕಾಗಿ ಉಪ್ಪು ಹಾಕಿದ ತಿಳಿಮಜ್ಜಿಗೆ ಕುಡಿದು ಮಲಗುವುದು ಔಷಧದಷ್ಟೇ ಮುಖ್ಯ. ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡರೆ ಕೆಲವರಿಗೆ ಹಿತವಾಗುತ್ತದೆ. ಕಣ್ಣ ಮುಂದೆ ಗೆರೆಗಳು ಮಿನುಗುತ್ತಿರುವಾಗ ಗಾಡಿ ಓಡಿಸಬೇಡಿರಿ. ದೃಷ್ಟಿ ತೆಗೆಯಲೆಂದು ಉಪ್ಪು ಮೆಣಸಿನಕಾಯಿ ಸುಡುವವರಿಗೆ, ಆ ಹೊಗೆಯನ್ನು ನಿಮ್ಮ ಕೋಣೆಯಿಂದ ದೂರ ಇಡಲು ಮೊದಲೇ ವಿನಂತಿಸಿಕೊಳ್ಳಿರಿ.

ಗುಳಿಗೆಗಳ ಲೆಕ್ಕ

ವಹಿ ಶುರು ಮಾಡುವ ಮೊದಲು ನಾನು ತಿಂಗಳಿಗೆ ಎಷ್ಟು ಗುಳಿಗೆ ನುಂಗುತ್ತಿದ್ದೆನೆಂದು ನನಗೇ ತಿಳಿದಿರಲಿಲ್ಲ. ಖಾಲಿಯಾದ ಪಟ್ಟಿಗಳನ್ನು ಬಿಸಾಡದೆ ಒಂದು ಡಬ್ಬಿಯಲ್ಲಿ ಹಾಕಿಡಲು ವೈದ್ಯರು ಹೇಳಿದರು. ತಿಂಗಳ ಕೊನೆಗೆ ಎಣಿಸಿದಾಗ ಹದಿನೆಂಟು ದಿನ ಗುಳಿಗೆ ತೆಗೆದುಕೊಂಡದ್ದು ತಿಳಿಯಿತು. ಸಾದಾ ನೋವುನಿವಾರಕಗಳನ್ನು ತಿಂಗಳಿಗೆ 15 ಅಥವಾ ಹೆಚ್ಚು ದಿನ, ಟ್ರಿಪ್ಟಾನ್, ಎರ್ಗೊಟಮಿನ್ ಅಥವಾ ಹಲವು ಔಷಧ ಬೆರೆತ ಗುಳಿಗೆಗಳನ್ನು 10 ಅಥವಾ ಹೆಚ್ಚು ದಿನ, ಮೂರು ತಿಂಗಳಿಗೂ ಮಿಕ್ಕಿ ತೆಗೆದುಕೊಂಡರೆ ಆ ಗುಳಿಗೆಗಳೇ ದಿನನಿತ್ಯದ ತಲೆನೋವನ್ನು ಹುಟ್ಟಿಸುತ್ತವೆ. ಪ್ರಚೋದಕಗಳನ್ನು ಎಷ್ಟು ಹುಡುಕಿದರೂ ಆಗ ಉತ್ತರ ಸಿಗುವುದಿಲ್ಲ, ಯಾಕೆಂದರೆ ಕೊಡ ಬರಿದಾಗುವುದೇ ಇಲ್ಲ. ವೈದ್ಯರ ಮೇಲ್ವಿಚಾರಣೆಯಲ್ಲಿ ಗುಳಿಗೆ ನಿಲ್ಲಿಸಿದ ಮೊದಲ ಎರಡು ವಾರ ನನ್ನ ನೋವು ಮೊದಲಿಗಿಂತ ಹೆಚ್ಚಾಗಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ರಜೆಯ ದಿನಗಳನ್ನು ಅದಕ್ಕಾಗಿ ಮೀಸಲಿಡಬೇಕಾಯಿತು. ಆ ಮೇಲೆ ನಿಧಾನವಾಗಿ ನೋವಿಲ್ಲದ ದಿನಗಳು ಕಾಣಿಸಿಕೊಂಡವು.

ತಿಂಗಳಿಗೆ ನಾಲ್ಕು ಅಥವಾ ಹೆಚ್ಚು ದಿನ ನೋವು ಬರುತ್ತಿದ್ದರೆ, ನೋವು ಬಾರದಂತೆ ದಿನವೂ ತೆಗೆದುಕೊಳ್ಳುವ ಔಷಧಗಳ ಬಗ್ಗೆ ಕೇಳಿರಿ. ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್, ಫ್ಲುನಾರಿಜಿನ್, ಟೋಪಿರಮೇಟ್ ಮುಂತಾದವು ಸರ್ಕಾರಿ ಆಸ್ಪತ್ರೆಯ ಚೀಟಿಯಲ್ಲೂ ಕಾಣುವ ಹಳೆಯ ಔಷಧಗಳೇ. ಅಮಿಟ್ರಿಪ್ಟಿಲಿನ್ ಖಿನ್ನತೆಗೆ ಕೊಡುವ ಔಷಧವೆಂದು ಯಾರಾದರೂ ಹೇಳಿದರೆ ಗಾಬರಿಯಾಗಬೇಡಿರಿ, ಮೈಗ್ರೇನಿಗೆ ಅದನ್ನು ಕಡಿಮೆ ಪ್ರಮಾಣದಲ್ಲಿ ಕೊಡುತ್ತಾರೆ. ಇವು ಫಲ ಕೊಡಲು ಎರಡು–ಮೂರು ತಿಂಗಳು ಬೇಕು. ಹದಿನೈದು ದಿನಕ್ಕೆ ಗುಣ ಕಾಣಲಿಲ್ಲವೆಂದು ಬಿಟ್ಟವರೇ ಹೆಚ್ಚು. ಅಸ್ತಮಾ ಇದ್ದವರಿಗೆ ಪ್ರೊಪ್ರನೊಲಾಲ್ ಆಗದು, ಮಕ್ಕಳಾಗುವ ವಯಸ್ಸಿನವರಿಗೆ ಟೋಪಿರಮೇಟ್ ಹಾಗೂ ವಾಲ್ಪ್ರೊಯೇಟ್ ಬಗ್ಗೆ ವಿಶೇಷ ಎಚ್ಚರ ಬೇಕು, ಆದ್ದರಿಂದ ಗರ್ಭ ನಿರೀಕ್ಷಿಸುತ್ತಿರುವುದನ್ನು ಸಂಕೋಚವಿಲ್ಲದೆ ಹೇಳಿರಿ. ಔರಾ ಬರುವ ಮಹಿಳೆಯರು ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಗುಳಿಗೆಗಳನ್ನು ತೆಗೆದುಕೊಂಡರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಈ ಒಂದು ಮಾತನ್ನು ಸ್ತ್ರೀರೋಗ ತಜ್ಞರಿಗೆ ನಾವಾಗಿಯೇ ತಿಳಿಸಬೇಕು.

ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಊರುಗಳಲ್ಲಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ತಲೆನೋವಿಗೆಂದು ಬೆಂಗಳೂರಿಗೋ ಮಿರಜಿಗೋ ಓಡುವ ಮೊದಲು ಅಲ್ಲಿಯ ವೈದ್ಯರಿಗೆ ಮೂರು ತಿಂಗಳ ವಹಿಯನ್ನು ತೋರಿಸಿರಿ. ಜನಜಂಗುಳಿಯ ಓಪಿಡಿಯಲ್ಲಿ ವೈದ್ಯರಿಗೆ ಸಿಗುವುದು ಐದೇ ನಿಮಿಷ. ಪುಟ ತಿರುವಿ ಹುಡುಕುವ ಕೆಲಸ ಅವರಿಗೆ ಬಾರದಂತೆ, ತಿಂಗಳಿಗೆ ಎಷ್ಟು ದಿನ ನೋವು, ಎಷ್ಟು ದಿನ ಗುಳಿಗೆ, ಯಾವುದು ಫಲಿಸಿತು, ಮುಟ್ಟಿನೊಂದಿಗೆ ಸಂಬಂಧವಿದೆಯೇ ಎಂಬ ನಾಲ್ಕು ಉತ್ತರಗಳನ್ನು ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿರಿ.

ಮನೆಯವರಿಗೆ ಹೇಳುವುದು

ಮದುವೆಯಾದ ಹೊಸದರಲ್ಲಿ ನಾನು ಮಲಗಿದ್ದನ್ನು ಕಂಡು ಅತ್ತೆಯವರು, ‘ತಲಿನೋವಂದ್ರ ಏನ್ ದೊಡ್ಡ ಜಡ್ಡವ್ವಾ, ಒಂದ್ ಗುಳಿಗಿ ನುಂಗಿ ಎದ್ದ್ ಕೂಡು’ ಎಂದಿದ್ದರು. ಅದರಲ್ಲಿ ನಿರ್ದಯೆ ಇರಲಿಲ್ಲ, ಗಾಯವಿಲ್ಲದ, ಜ್ವರವಿಲ್ಲದ ನೋವನ್ನು ನೋಡುವ ದಾರಿ ಅವರಿಗೆ ಇರಲಿಲ್ಲ. ನೋವಿನ ಹೊತ್ತಿನಲ್ಲಿ ವಾದಿಸದೆ, ಒಳ್ಳೆಯ ದಿನವೊಂದರಲ್ಲಿ ಕೂತು ವಹಿಯನ್ನು ಅವರಿಗೆ ಓದಿ ಹೇಳಿದೆ. ಮುನ್ಸೂಚನೆಗಳನ್ನು ನಮಗಿಂತ ಮೊದಲು ಮನೆಯವರೇ ಗುರುತಿಸಬಲ್ಲರು. ಈಗ ನಾನು ಸಂಜೆ ಎರಡು ಸಲ ಆಕಳಿಸಿದರೆ ಅವರೇ ‘ಹೊತ್ತಿಗಿ ಸರಿಯಾಗಿ ಉಂಡು ಮಲಕ್ಕೊ’ ಎನ್ನುತ್ತ ತಾಟು ಹಚ್ಚುತ್ತಾರೆ.

ಶಾಲೆಯಲ್ಲಿಯೂ ಮುಖ್ಯೋಪಾಧ್ಯಾಯರಿಗೆ ಮೊದಲೇ ತಿಳಿಸಿ, ಮೌಲ್ಯಮಾಪನದ ದಿನಗಳಲ್ಲಿ ಮಧ್ಯಾಹ್ನದ ಊಟದ ಹೊತ್ತು ತಪ್ಪದಂತೆ ಕೇಳಿಕೊಂಡಿದ್ದೇನೆ. ಶಿಕ್ಷಕರಾದವರು ಮಕ್ಕಳನ್ನೂ ಗಮನಿಸಬೇಕು. ತಿಂಡಿ ತಿನ್ನದೆ ಹಳ್ಳಿಯಿಂದ ಬಸ್ಸಿನಲ್ಲಿ ಬಂದು, ಮೂರನೆಯ ತಾಸಿಗೆ ತಲೆಹಿಡಿದು ಬೆಂಚಿನ ಮೇಲೆ ಒರಗುವ ಮಗು ನೆಪ ಹೇಳುತ್ತಿಲ್ಲದಿರಬಹುದು. ಮಕ್ಕಳಲ್ಲಿ ನೋವು ಎರಡೇ ಗಂಟೆಯಲ್ಲಿ ಮುಗಿಯಬಹುದು, ಕೆಲವೊಮ್ಮೆ ತಲೆಗಿಂತ ಹೊಟ್ಟೆನೋವು ಮತ್ತು ವಾಂತಿಯೇ ಮುಂದಾಗಿರುತ್ತದೆ. ಅಂಥ ಮಗುವನ್ನು ಬೆಳಕಿಲ್ಲದ ಕೋಣೆಯಲ್ಲಿ ಮಲಗಿಸಿ, ನೀರು ಕೊಟ್ಟು, ಇದು ಎಷ್ಟನೆಯ ಸಲ ಎಂದು ಕೇಳಿ, ಉತ್ತರವನ್ನು ದಿನಾಂಕದೊಂದಿಗೆ ಬರೆದಿಟ್ಟು ಪಾಲಕರಿಗೆ ತಲುಪಿಸಿರಿ.